ಸಾಧನೆಯೊಳಗೊಂದು ಯಂತ್ರ

ಕನ್ನಡ ಮಾಧ್ಯಮದಲ್ಲಿ ರೇಖಾಗಣಿತ ಓದಿದವರಿಗೆ ನಾಲ್ಕು ಪದಗಳು ಮರೆಯುವುದಿಲ್ಲ: ದತ್ತ, ಸಾಧನೀಯ, ರಚನೆ, ಸಾಧನೆ. ಪ್ರಮೇಯ ಯಾವುದೇ ಇರಲಿ, ಉತ್ತರ ಪತ್ರಿಕೆಯ ಎಡಬದಿಯಲ್ಲಿ ಈ ನಾಲ್ಕನ್ನು ಬರೆದು ಅಡಿಗೆರೆ ಎಳೆದರೆ ಅರ್ಧ ಧೈರ್ಯ ಬರುತ್ತಿತ್ತು. ರಚನೆ ಎಂದರೆ ಕೈಕೆಲಸ. ಇಲ್ಲಿಂದ ಲಂಬ ಎಳೆ, ಆ ಬಿಂದುವಿನ ಮೂಲಕ ಸಮಾಂತರ ರೇಖೆ ಎಳೆ. ಸಾಧನೆ ಎಂದರೆ ಬುದ್ಧಿಯ ಕೆಲಸ. ಇದು ಹೀಗಿರುವುದರಿಂದ ಅದು ಹಾಗೆ. ಒಂದು ಮಾಡಿ ತೋರಿಸುವುದು, ಇನ್ನೊಂದು ಒಪ್ಪಿಸುವುದು ಎಂದು ನಾವೆಲ್ಲ ತಿಳಿದಿದ್ದೆವು. ಈ ಎರಡರ ನಡುವಿನ ಗೋಡೆ ಎಷ್ಟು ತೆಳು ಎಂಬುದನ್ನು ಕಂಡುಕೊಳ್ಳಲು ತರ್ಕಶಾಸ್ತ್ರಕ್ಕೆ ಇಪ್ಪತ್ತನೆಯ ಶತಮಾನ ಪೂರ್ತಿ ಬೇಕಾಯಿತು. ಇವತ್ತು ನಾವು ಕಂಪ್ಯೂಟರ್ ಎಂದು ಕರೆಯುವ ವಸ್ತು ಹುಟ್ಟಿದ್ದೂ ಆ ಹುಡುಕಾಟದ ನಡುವೆಯೇ.

ನಾನು ಇದನ್ನು ಬರೆಯುತ್ತಿರುವುದು ಮೂಡಿಗೆರೆ ಬದಿಯ ಕಾಫಿ ತೋಟದ ಮನೆಯಲ್ಲಿ ಕೂತು. ಕೊಯ್ಲಿನ ದಿನಗಳಲ್ಲಿ ಸಂಜೆ ಹಣ್ಣು ತೂಗುವಾಗ ರೈಟರು ಚೆಕ್‌ರೋಲ್ ಎಂಬ ಲೆಕ್ಕದ ಪುಸ್ತಕ ಹಿಡಿದು ನಿಲ್ಲುತ್ತಾರೆ. ಈಗ ಎಲೆಕ್ಟ್ರಾನಿಕ್ ತೂಕದ ಯಂತ್ರ ಬಂದಿದೆ, ಹಳೆಯ ತಕ್ಕಡಿ ಗೋದಾಮಿನ ಮೂಲೆ ಸೇರಿದೆ. ಆ ತಕ್ಕಡಿಯಿಂದಲೇ ಶುರುಮಾಡುತ್ತೇನೆ, ಯಾಕೆಂದರೆ ಈ ಲೇಖನದ ವಿಷಯವೆಲ್ಲ ಅದರ ತಟ್ಟೆಯೊಳಗೆ ಹಿಡಿಯುತ್ತದೆ.

ಅಂಗಡಿಯ ತೂಕದ ಕಲ್ಲುಗಳು 1, 2, 5, 10 ಹೀಗೆ ಇರುತ್ತವೆ. ನಮ್ಮ ಹತ್ತಿರ ಬೇರೆ ಬಗೆಯ ಐದು ಕಲ್ಲುಗಳಿವೆ ಎಂದುಕೊಳ್ಳಿ: 1, 2, 4, 8, 16 ಕೆ.ಜಿ. ಒಂದೊಂದೇ ಕಲ್ಲು, ಕಲ್ಲೆಲ್ಲ ಒಂದೇ ತಟ್ಟೆಗೆ, ಹಣ್ಣು ಇನ್ನೊಂದಕ್ಕೆ. ಸಾಧನೀಯ: 1ರಿಂದ 31 ಕೆ.ಜಿ.ವರೆಗಿನ ಯಾವ ಪೂರ್ಣ ತೂಕವನ್ನಾದರೂ ಈ ಐದರಲ್ಲೇ ತೂಗಬಹುದು.

ಮೊದಲನೆಯ ಸಾಧನೆ ಗಣಿತೀಯ ಅನುಗಮನದ್ದು. ಒಂದೇ ಕಲ್ಲಿದ್ದರೆ 1 ಕೆ.ಜಿ. ತೂಗಬಹುದು, ಸರಿ. 1, 2, 4, 8 ಈ ನಾಲ್ಕರಲ್ಲಿ 15ರವರೆಗೆ ತೂಗಬಹುದು ಎಂದು ಗೊತ್ತಿದೆ ಎನ್ನೋಣ. ಐದನೆಯದಾಗಿ 16ರ ಕಲ್ಲು ಬಂತು. ಬೇಕಾದ ತೂಕ 15 ಅಥವಾ ಅದಕ್ಕಿಂತ ಕಡಿಮೆಯಾದರೆ ಹೊಸ ಕಲ್ಲು ಮುಟ್ಟಬೇಡಿ, ಹಳೆಯ ನಾಲ್ಕೇ ಸಾಕು. 16 ಅಥವಾ ಹೆಚ್ಚಾದರೆ ಹೊಸ ಕಲ್ಲು ಇಡಿ. ಉಳಿದ ತೂಕ 15ನ್ನು ಮೀರುವುದಿಲ್ಲ, ಅದಕ್ಕೂ ಹಳೆಯ ನಾಲ್ಕೇ ಸಾಕು. ಸಾಧನೆ ಮುಗಿಯಿತು.

ಎರಡನೆಯದು ಎಣಿಕೆಯ ಸಾಧನೆ. ಪ್ರತಿ ಕಲ್ಲನ್ನೂ ಇಡಬಹುದು ಅಥವಾ ಬಿಡಬಹುದು, ಹಾಗಾಗಿ ಐದು ಕಲ್ಲಿಗೆ ಒಟ್ಟು 32 ಬಗೆ. ಯಾವುದೇ ಕಲ್ಲು ಅದಕ್ಕಿಂತ ಚಿಕ್ಕ ಕಲ್ಲುಗಳೆಲ್ಲವನ್ನೂ ಸೇರಿಸಿದರೂ ಅವಕ್ಕಿಂತ ಭಾರ, ಆದ್ದರಿಂದ ಎರಡು ಬೇರೆ ಬಗೆಗಳು ಒಂದೇ ಮೊತ್ತ ಕೊಡಲಾರವು. ಮೊತ್ತವೆಲ್ಲ 0ಯಿಂದ 31ರೊಳಗೇ ಬರಬೇಕು. 32 ಮೊತ್ತಗಳು, ಎಲ್ಲವೂ ಬೇರೆ ಬೇರೆ, ಇರುವ ಜಾಗ 32. ಎಲ್ಲ ಜಾಗವೂ ತುಂಬಲೇಬೇಕು. ಇದೂ ಮುಗಿಯಿತು, ಮೊದಲನೆಯದಕ್ಕಿಂತ ಚೆಂದವಾಗಿಯೇ ಮುಗಿಯಿತು.

ಈಗ ಒಬ್ಬಾಕೆ 19 ಕೆ.ಜಿ. ಹಣ್ಣು ತಂದು ಮುಂದಿಟ್ಟರು. ಯಾವ ಕಲ್ಲು ಇಡಬೇಕು? ಮೊದಲನೆಯ ಸಾಧನೆಯನ್ನು ಮೇಲಿನಿಂದ ಓದುತ್ತ ಹೋಗಿ: 19 ಎಂಬುದು 16ಕ್ಕಿಂತ ಹೆಚ್ಚು, ಇಡಿ. ಉಳಿದದ್ದು 3. 8 ಬೇಡ, 4 ಬೇಡ, 2 ಇಡಿ, 1 ಇಡಿ. ಐದೇ ಹೆಜ್ಜೆ. ಸಾಧನೆಯ ಪಠ್ಯವೇ ಕೆಲಸದ ಕ್ರಮವಾಯಿತು. ಎರಡನೆಯ ಸಾಧನೆ 19ಕ್ಕೆ ಒಂದು ಬಗೆ ಇದೆ ಎಂದು ಆಣೆ ಮಾಡಿ ಹೇಳುತ್ತದೆ, ಯಾವುದೆಂದು ಹೇಳುವುದಿಲ್ಲ. ಅದನ್ನೇ ನಂಬಿ ತೂಗಲು ಹೊರಟರೆ 32 ಬಗೆಗಳನ್ನೂ ಒಂದೊಂದಾಗಿ ಇಟ್ಟು ನೋಡುವುದೊಂದೇ ದಾರಿ. ಐದು ಕಲ್ಲಿಗೆ ಇದೇನು ಮಹಾ ಎನ್ನಿಸಬಹುದು. ಕಲ್ಲು ಮೂವತ್ತಾದರೆ ಮೊದಲನೆಯ ದಾರಿಯಲ್ಲಿ 30 ಹೆಜ್ಜೆ. ಎರಡನೆಯದರಲ್ಲಿ 2ನ್ನು ಮೂವತ್ತು ಸಲ ಗುಣಿಸಿದಷ್ಟು, ಅಂದರೆ 107 ಕೋಟಿಗೂ ಮಿಕ್ಕಿ. ಪ್ರಮೇಯ ಒಂದೇ, ಸಾಧನೆಯ ರೀತಿ ಎರಡು, ಒಳಗೆ ಕೂತ ಯಂತ್ರಗಳೂ ಎರಡು. ಸಾಧಿಸುವ ಪ್ರತಿಯೊಂದು ರೀತಿಯೂ ತನ್ನೊಳಗೆ ಒಂದೊಂದು ಬಗೆಯ ಯಂತ್ರವನ್ನು ಇಟ್ಟುಕೊಂಡಿರುತ್ತದೆ ಎಂಬುದು ನನ್ನ ಮಾತು. ಕಳೆದ ತೊಂಬತ್ತು ವರ್ಷಗಳ ಕೆಲಸವನ್ನು ನಾನು ನೋಡುವುದು ಆ ಕಿಟಕಿಯಿಂದ.

1928ರಲ್ಲಿ ಡೇವಿಡ್ ಹಿಲ್ಬರ್ಟ್ ಮತ್ತು ವಿಲ್ಹೆಲ್ಮ್ ಆಕರ್‌ಮನ್ ಒಂದು ಪ್ರಶ್ನೆ ಎತ್ತಿದರು. ತರ್ಕದ ಭಾಷೆಯಲ್ಲಿ ಬರೆದ ಯಾವುದೇ ಹೇಳಿಕೆಯನ್ನು ಕೊಟ್ಟರೆ ಅದು ಎಲ್ಲ ಸಂದರ್ಭದಲ್ಲೂ ನಿಲ್ಲುತ್ತದೆಯೇ ಇಲ್ಲವೇ ಎಂದು ತೀರ್ಮಾನಿಸುವ ಯಾಂತ್ರಿಕ ವಿಧಾನ ಇದೆಯೇ? ಇಲ್ಲ ಎಂದು ತೋರಿಸಬೇಕಾದರೆ ಮೊದಲು ‘ಯಾಂತ್ರಿಕ ವಿಧಾನ’ ಎಂದರೇನು ಎಂದು ಹೇಳಬೇಕು. 1936ರಲ್ಲಿ ಅಲಾಂಜೊ ಚರ್ಚ್ ಫಂಕ್ಷನ್‌ಗಳನ್ನು ಬರೆಯುವ ಲ್ಯಾಂಬ್ಡಾ ಕ್ಯಾಲ್ಕುಲಸ್ ಹಿಡಿದು, ಅಲನ್ ಟ್ಯೂರಿಂಗ್ ಪಟ್ಟಿಯ ಮೇಲೆ ಅಕ್ಷರ ಬರೆದು ಅಳಿಸುವ ಕಾಲ್ಪನಿಕ ಯಂತ್ರ ಹಿಡಿದು ಬೇರೆ ಬೇರೆಯಾಗಿ ಉತ್ತರ ಕೊಟ್ಟರು: ಅಂಥ ವಿಧಾನ ಇಲ್ಲ. ಎಮಿಲ್ ಪೋಸ್ಟ್ ಅದೇ ವರ್ಷ ಟ್ಯೂರಿಂಗನದನ್ನೇ ಹೋಲುವ ಇನ್ನೊಂದು ಮಾದರಿ ಮುಂದಿಟ್ಟರು. ಮೂವರ ಮಾದರಿಗಳೂ ಲೆಕ್ಕ ಮಾಡುವ ಶಕ್ತಿಯಲ್ಲಿ ಒಂದೇ ಎಂದು ಆಮೇಲೆ ತಿಳಿಯಿತು. ಗಣಕದ ಮಾದರಿ ಹುಟ್ಟಿದ್ದು ಸಾಧನೆಯ ಬಗ್ಗೆ ಕೇಳಿದ ಪ್ರಶ್ನೆಗೆ ಉತ್ತರ ಕೊಡಲು. ಅದರ ಹಿಂದೆ ಇದ್ದದ್ದು ಲೆಕ್ಕ ವೇಗವಾಗಿ ಮಾಡಿಸಬೇಕೆಂಬ ಆತುರವಲ್ಲ.

ಚರ್ಚ್‌ನ ಕಥೆಯಲ್ಲಿ ಒಂದು ತಿರುವಿದೆ, ಅದನ್ನು ದಾಟಿ ಹೋಗಲು ಮನಸ್ಸಾಗುವುದಿಲ್ಲ. 1932ರಲ್ಲಿ ಅವರು ಲ್ಯಾಂಬ್ಡಾ ಕಟ್ಟಿದ್ದು ಗಣಿತಕ್ಕೆಲ್ಲ ಬುನಾದಿಯಾಗುವ ತರ್ಕವ್ಯವಸ್ಥೆಯ ಭಾಗವಾಗಿ. 1935ರಲ್ಲಿ ಅವರ ಶಿಷ್ಯರಾದ ಕ್ಲೀನಿ ಮತ್ತು ರಾಸರ್ ಆ ವ್ಯವಸ್ಥೆಯಲ್ಲಿ ವಿರೋಧಾಭಾಸ ಇದೆ ಎಂದು ತೋರಿಸಿದರು. ಅದರಲ್ಲಿ ಏನನ್ನು ಬೇಕಾದರೂ ಸಾಧಿಸಬಹುದಿತ್ತು, ಸುಳ್ಳನ್ನೂ. ಕಟ್ಟಡ ಬಿತ್ತು. ತರ್ಕದ ಭಾಗವನ್ನು ಕಳಚಿ ಉಳಿದ ಮರಮುಟ್ಟನ್ನು ಇಟ್ಟುಕೊಂಡರು, ಅದೇ ಗಣನೆಯ ಮಾದರಿಯಾಯಿತು. ಯಾವ ಗುಣ ಅದನ್ನು ತರ್ಕವಾಗಿ ಕೆಡಿಸಿತೋ ಅದೇ ಗುಣ ಅದನ್ನು ಪ್ರೋಗ್ರಾಮಿನ ಭಾಷೆಯಾಗಿ ಬಲಪಡಿಸಿತು. ಆ ಗುಣ, ತನ್ನನ್ನು ತಾನೇ ಕರೆದುಕೊಂಡು ಕೊನೆಯಿಲ್ಲದೆ ಸುತ್ತುವ ಸ್ವಾತಂತ್ರ್ಯ. ಮುಗಿಯದೆ ಸುತ್ತುವ ಪ್ರೋಗ್ರಾಮನ್ನು ಸಾಧನೆ ಎಂದು ಒಪ್ಪಿಕೊಂಡರೆ ಎಲ್ಲವೂ ಸತ್ಯವಾಗಿಬಿಡುತ್ತದೆ. ‘ನಾಳೆ ಕೊಡುತ್ತೇನೆ’ ಎಂದು ದಿನವೂ ಹೇಳುವವನ ಸಾಲದ ಪತ್ರಕ್ಕೆ ಬೆಲೆ ಕಟ್ಟಿದ ಹಾಗೆ. 1940ರಲ್ಲಿ ಚರ್ಚ್ ಪ್ರತಿಯೊಂದಕ್ಕೂ ‘ಟೈಪ್’ ಎಂಬ ಜಾತಿ ಗುರುತು ಹಚ್ಚಿ ಸುತ್ತುವುದನ್ನು ಕಟ್ಟಿಹಾಕಿದರು. ಆ ಗುರುತುಗಳೇ ಮುಂದಿನ ಕಥೆಯ ಕೀಲಿಕೈ.

ಗೆರ್ಹಾರ್ಡ್ ಗೆಂಟ್ಸೆನ್ 1934–35ರಲ್ಲಿ ಸಾಧನೆಗಳನ್ನೇ ವಸ್ತುಗಳಂತೆ ಕೈಗೆತ್ತಿಕೊಂಡು ಅವುಗಳ ರೂಪ ಅಧ್ಯಯನ ಮಾಡಿದರು. ಅದೇ ಕಾಲದಲ್ಲಿ ಹ್ಯಾಸ್ಕೆಲ್ ಕರಿ ಒಂದು ಹೋಲಿಕೆ ಗಮನಿಸಿದರು: ‘ಇದಾದರೆ ಅದು’ ಎಂಬ ತರ್ಕಸಂಬಂಧದ ಮೂಲಸೂತ್ರಗಳೂ ತಾವು ಬಳಸುತ್ತಿದ್ದ ಫಂಕ್ಷನ್‌ಗಳ ಟೈಪ್‌ಗಳೂ ಅಕ್ಷರಶಃ ಒಂದೇ ಆಕಾರದಲ್ಲಿದ್ದವು. 1969ರಲ್ಲಿ ವಿಲಿಯಂ ಹೋವರ್ಡ್ ಅದನ್ನು ಗೆಂಟ್ಸೆನ್‌ನ ಸಾಧನೆಗಳಿಗೂ ಚರ್ಚ್‌ನ ಲ್ಯಾಂಬ್ಡಾಗೂ ಹೊಂದಿಸಿ ಬರೆದರು. ಆ ಬರಹ ಕೈಬರಹದ ನಕಲುಗಳಾಗಿ ಓಡಾಡಿ ಅಚ್ಚಾಗಿದ್ದು 1980ರಲ್ಲಿ. ಇದನ್ನು ಕರಿ–ಹೋವರ್ಡ್ ಅನುರೂಪತೆ ಎನ್ನುತ್ತಾರೆ.

ತೋಟದ ಭಾಷೆಯಲ್ಲಿ ಹೇಳುತ್ತೇನೆ. ಪಲ್ಪರ್ ಮನೆಗೆ ಹಣ್ಣು ಕೊಟ್ಟರೆ ಸಿಪ್ಪೆ ಸುಲಿದು, ತೊಳೆದು, ಕಣದಲ್ಲಿ ಒಣಗಿಸಿ ಪಾರ್ಚ್‌ಮೆಂಟ್ ಬರುತ್ತದೆ. ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗೆ ಪಾರ್ಚ್‌ಮೆಂಟ್ ಕೊಟ್ಟರೆ ಹೊರಪೊರೆ ತೆಗೆದು, ಜರಡಿ ಹಿಡಿದು ಗ್ರೇಡ್ ಮಾಡಿದ ಬೀಜ ಬರುತ್ತದೆ. ‘ಹಣ್ಣಿದ್ದರೆ ಪಾರ್ಚ್‌ಮೆಂಟ್ ಉಂಟು’ ಎಂಬ ಹೇಳಿಕೆಗೆ ಸಾಧನೆ ಯಾವುದು? ಪಲ್ಪರ್ ಮನೆಯೇ. ‘ಪಾರ್ಚ್‌ಮೆಂಟ್ ಇದ್ದರೆ ಬೀಜ ಉಂಟು’ ಎಂಬುದಕ್ಕೆ ಕ್ಯೂರಿಂಗ್ ವರ್ಕ್ಸ್. ಎರಡನ್ನೂ ಸಾಲಾಗಿ ಜೋಡಿಸಿದರೆ ‘ಹಣ್ಣಿದ್ದರೆ ಬೀಜ ಉಂಟು’ ಎಂಬುದರ ಸಾಧನೆ ಸಿಕ್ಕಿತು. ಈ ನೋಟದಲ್ಲಿ ‘ಇದಾದರೆ ಅದು’ ಎಂಬುದರ ಸಾಧನೆ ಎಂದರೆ ಇದನ್ನು ಒಳಗೆ ಹಾಕಿದರೆ ಅದನ್ನು ಹೊರಗೆ ಕೊಡುವ ಪ್ರೋಗ್ರಾಮು. ‘ಇದೂ ಅದೂ’ ಎಂಬುದರ ಸಾಧನೆ ಎರಡರ ಜೋಡಿ. ‘ಇದು ಅಥವಾ ಅದು’ ಎಂಬುದರ ಸಾಧನೆ ಎರಡರಲ್ಲೊಂದು, ಯಾವುದೆಂದು ಚೀಟಿ ಅಂಟಿಸಿದ್ದು. ಆ ಚೀಟಿ ಕಡ್ಡಾಯ. ಒಳಗೆ ಏನಿದೆ ಎಂದು ಹೇಳದ ಮೂಟೆಯನ್ನು ಇಲ್ಲಿ ಯಾರೂ ಇಳಿಸಿಕೊಳ್ಳುವುದಿಲ್ಲ.

ಗಣಿತಜ್ಞರು ಸಾಧನೆಯ ನಡುವೆ ಉಪಪ್ರಮೇಯ ಬಳಸುತ್ತಾರೆ. ಮೊದಲು ಒಂದನ್ನು ಸಾಧಿಸಿ ಆಮೇಲೆ ಅದನ್ನು ಹತ್ತು ಕಡೆ ಉಪಯೋಗಿಸುತ್ತಾರೆ. ಗೆಂಟ್ಸೆನ್ ತೋರಿಸಿದ್ದು: ತರ್ಕದಲ್ಲಿ ಇಂಥ ಉಪಪ್ರಮೇಯಗಳನ್ನೆಲ್ಲ ಕರಗಿಸಿ ನೇರ ಸಾಧನೆ ಮಾಡಬಹುದು. ಕರಿ–ಹೋವರ್ಡ್ ಕಣ್ಣಿನಲ್ಲಿ ಈ ಕರಗಿಸುವಿಕೆಯೇ ಪ್ರೋಗ್ರಾಮನ್ನು ಓಡಿಸುವುದು. ಆದರೆ ಕರಗಿಸಿದ ಸಾಧನೆ ಊಹೆಗೂ ಮೀರಿ ಉದ್ದವಾಗಬಲ್ಲದು. ಹಾಗಾಗಿ ಉಪಪ್ರಮೇಯ ಎಂಬುದು ಮನುಷ್ಯನ ಸೋಮಾರಿತನಕ್ಕೆ ಕಂಡುಕೊಂಡ ಅನುಕೂಲ ಎಂದು ತಳ್ಳಿಹಾಕುವಂತಿಲ್ಲ. ಬಹಳ ದುಡಿತವನ್ನು ಅದು ಮಡಿಸಿ ಇಟ್ಟಿರುತ್ತದೆ.

ಅನುಗಮನದ ವಿಷಯಕ್ಕೆ ಇನ್ನೊಮ್ಮೆ ಬರಬೇಕು, ಸಾಧನೆಯ ರೀತಿಗೂ ಯಂತ್ರಕ್ಕೂ ಇರುವ ನಂಟಿನ ಅತಿ ಫಲವತ್ತಾದ ಜಾಗ ಅದು. ಅನುಗಮನವನ್ನು ಎಷ್ಟು ಸಡಿಲ ಅಥವಾ ಬಿಗಿಯಾಗಿ ಬಳಸಲು ಬಿಡುತ್ತೀರಿ ಎಂಬುದರ ಮೇಲೆ ಯಂತ್ರದ ಶಕ್ತಿ ನಿಲ್ಲುತ್ತದೆ. ಸರಳ ಹೇಳಿಕೆಗಳಿಗಷ್ಟೇ ಅನುಗಮನ ಬಳಸುವ ಅಂಕಗಣಿತವೊಂದಿದೆ. ಅದರಲ್ಲಿ ‘ಉತ್ತರ ಖಂಡಿತ ಬರುತ್ತದೆ’ ಎಂದು ಸಾಧಿಸಬಹುದಾದ ಲೆಕ್ಕಗಳು ಎಂದರೆ ಎಷ್ಟು ಸಲ ಸುತ್ತಬೇಕೆಂದು ಮೊದಲೇ ಗೊತ್ತಿರುವ ಲೆಕ್ಕಗಳು ಮಾತ್ರ. ಸ್ಯಾಮ್ ಬಸ್ 1980ರ ದಶಕದ ನಡುವೆ ಇದನ್ನು ಇನ್ನೂ ಬಿಗಿ ಮಾಡಿದರು. ಒಂದರಿಂದ ಮುಂದಿನದಕ್ಕೆ ಹೆಜ್ಜೆ ಇಡುವ ಬದಲು ಅರ್ಧದಿಂದ ಪೂರ್ತಿಗೆ ನೆಗೆಯುವ ಅನುಗಮನವನ್ನಷ್ಟೇ ಇಟ್ಟುಕೊಂಡರು. ಸಾವಿರಕ್ಕೆ ಸಾವಿರ ಹೆಜ್ಜೆಯ ಬದಲು ಹತ್ತು ಹೆಜ್ಜೆ ಸಾಕು. ಹಾಗೆ ಮಾಡಿದಾಗ ಅವರ ಒಂದು ವ್ಯವಸ್ಥೆಯಲ್ಲಿ ಸಿಕ್ಕಿದ ಪ್ರೋಗ್ರಾಮುಗಳು ಸರಿಯಾಗಿ ಯಾವುವು ಗೊತ್ತೇ? ಕಂಪ್ಯೂಟರ್ ವಿಜ್ಞಾನ ‘ದಕ್ಷ’ ಎಂದು ಕರೆಯುವ, ಬಹುಪದೀಯ ಕಾಲದಲ್ಲಿ ಮುಗಿಯುವ ಲೆಕ್ಕಗಳು. ತಕ್ಕಡಿಯ ಮೊದಲನೆಯ ಸಾಧನೆ ಇದೇ ಜಾತಿಯದು. ಮೂವತ್ತು ಕಲ್ಲಿದ್ದರೆ ತೂಗುವ ಸಂಖ್ಯೆ ನೂರು ಕೋಟಿ ದಾಟುತ್ತದೆ, ಹೆಜ್ಜೆ ಮೂವತ್ತೇ.

ಇಲ್ಲಿ ನಮ್ಮ ನೆಲದ ತರ್ಕಪರಂಪರೆಯ ಬಗ್ಗೆ ಕೇಳದೆ ಬಿಡುವವರಿಲ್ಲ, ಕೇಳಬೇಕಾದದ್ದೇ. ಇಲ್ಲಿಂದ ಗುಡ್ಡಗಳಾಚೆ ಶೃಂಗೇರಿ. ಅಲ್ಲಿ ಗಣೇಶನ ಚೌತಿಯ ಹೊತ್ತಿಗೆ ವಾಕ್ಯಾರ್ಥ ಸಭೆ ನಡೆಯುತ್ತದೆ, ವಿದ್ವಾಂಸರು ನ್ಯಾಯ, ವ್ಯಾಕರಣ, ಮೀಮಾಂಸೆ, ವೇದಾಂತಗಳಲ್ಲಿ ವಾದ ಮಂಡಿಸುತ್ತಾರೆ. ನ್ಯಾಯದ ಹಳೆಯ ಉದಾಹರಣೆ ಮಲೆನಾಡಿನವರಿಗೆ ಹೇಳಿಮಾಡಿಸಿದ್ದು: ಗುಡ್ಡದ ಮೇಲೆ ಹೊಗೆ ಇದೆ, ಆದ್ದರಿಂದ ಬೆಂಕಿ ಇದೆ, ಅಡುಗೆಮನೆಯಲ್ಲಿ ಇದ್ದ ಹಾಗೆ. ಮಳೆಗಾಲದ ಮೂಡಿಗೆರೆಯಲ್ಲಿ ಗುಡ್ಡದ ಮೇಲೆ ಕಂಡದ್ದು ಹೊಗೆಯೋ ಮಂಜೋ ಎಂಬ ಸಂಶಯ ದಿನದ ಸಂಗತಿ, ನೈಯಾಯಿಕರಿಗೂ ಆ ಸಂಶಯ ಗೊತ್ತಿತ್ತು. ಅವರ ಗಮನ ಇದ್ದದ್ದು ಮನುಷ್ಯನಿಗೆ ಸರಿಯಾದ ಅರಿವು ಹೇಗೆ ಮೂಡುತ್ತದೆ ಎಂಬುದರ ಮೇಲೆ. ವಾಕ್ಯದ ಆಕಾರವನ್ನಷ್ಟೇ ನೋಡಿ ಯಂತ್ರ ನಡೆಸಬಹುದಾದ ತರ್ಕ ಅವರ ಗುರಿಯಾಗಿರಲಿಲ್ಲ. ಹಾಗಾಗಿ ನ್ಯಾಯದಲ್ಲಿ ಕಂಪ್ಯೂಟರ್ ಅಡಗಿತ್ತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದು ಆ ಶಾಸ್ತ್ರಕ್ಕೂ ಗೌರವ ತರುವುದಿಲ್ಲ.

ಗಣನೆಯ ಮಾದರಿಗೆ ಹತ್ತಿರದ ನೆಂಟ ಪಾಣಿನಿ. ಅಷ್ಟಾಧ್ಯಾಯಿಯ ನಾಲ್ಕು ಸಾವಿರದಷ್ಟು ಸೂತ್ರಗಳಲ್ಲಿ ಹಲವು ‘ಇದರ ಜಾಗಕ್ಕೆ ಇದು, ಇದರ ಮುಂದೆ ಇದ್ದಾಗ’ ಎಂಬ ಬಗೆಯವು. ಒಂದರ ಮೇಲೊಂದು ಅನ್ವಯಿಸುತ್ತ ಹೋದರೆ ಪದ ಸಿದ್ಧವಾಗುತ್ತದೆ, ಮತ್ತು ಆ ಹೆಜ್ಜೆಗಳ ಸಾಲೇ ಪದ ಸಾಧು ಎಂಬುದರ ಸಾಧನೆ. ವ್ಯಾಕರಣದಲ್ಲಿ ಇದನ್ನು ‘ರೂಪಸಿದ್ಧಿ’ ಎನ್ನುತ್ತಾರೆ. ಸಿದ್ಧಿಯಲ್ಲೇ ರಚನೆ, ಸಾಧನೆ ಎರಡೂ ಇವೆ. ಪ್ರೋಗ್ರಾಮಿಂಗ್ ಭಾಷೆಗಳ ವ್ಯಾಕರಣ ಬರೆಯಲು ಬಳಸುವ ಬ್ಯಾಕಸ್ ರೂಪಕ್ಕೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು 1967ರಲ್ಲಿ ಇಂಗರ್‌ಮನ್ ಎಂಬವರು ಸೂಚಿಸಿದ್ದರು. ಕನ್ನಡಕ್ಕೂ ಈ ಬಗೆಯ ಕೃತಿಯಿದೆ: 1604ರಲ್ಲಿ ಭಟ್ಟಾಕಳಂಕ 592 ಸಂಸ್ಕೃತ ಸೂತ್ರಗಳಲ್ಲಿ ಕನ್ನಡದ ವ್ಯಾಕರಣ ಹೇಳಿದ ‘ಕರ್ಣಾಟಕ ಶಬ್ದಾನುಶಾಸನ’. ಅದನ್ನು ನಿಯಮವ್ಯವಸ್ಥೆಯಾಗಿ ಯಂತ್ರದಲ್ಲಿ ಓಡಿಸಿ ನೋಡುವುದು ಕನ್ನಡದ ಹುಡುಗ ಹುಡುಗಿಯರಿಗೆ ಕಾದಿರುವ ಒಳ್ಳೆಯ ಕೆಲಸ.

ಸಾಧನೆಯ ಇನ್ನೊಂದು ರೀತಿ, ಹುಡುಕುವುದು. 1965ರಲ್ಲಿ ಅಲನ್ ರಾಬಿನ್‌ಸನ್ ‘ರೆಸಲ್ಯೂಷನ್’ ಎಂಬ ಒಂದೇ ನಿಯಮದ ವಿಧಾನ ಕೊಟ್ಟರು: ಸಾಧಿಸಬೇಕಾದ್ದು ಸುಳ್ಳು ಎಂದು ಭಾವಿಸಿ, ಇರುವ ಹೇಳಿಕೆಗಳನ್ನು ಎರಡೆರಡಾಗಿ ತಿಕ್ಕಿ, ವಿರೋಧ ಹೊರಡುವವರೆಗೂ ಮುಂದುವರಿಸಿ. ಅದರ ಒಂದು ಸರಳ ರೂಪದಿಂದ 1972ರ ಹೊತ್ತಿಗೆ ಫ್ರಾನ್ಸಿನ ಮಾರ್ಸೇಯಲ್ಲಿ ಪ್ರೊಲಾಗ್ ಎಂಬ ಭಾಷೆಯೇ ಹುಟ್ಟಿತು. ಅಲ್ಲಿ ಪ್ರೋಗ್ರಾಮು ಓಡುವುದೆಂದರೆ ಸಾಧನೆ ಹುಡುಕುವುದು. 1971ರಲ್ಲಿ ಸ್ಟೀಫನ್ ಕುಕ್, ಉತ್ತರ ಕೈಗೆ ಕೊಟ್ಟರೆ ಬೇಗ ಪರೀಕ್ಷಿಸಬಹುದಾದ ಎನ್‌ಪಿ ಎಂಬ ಸಮಸ್ಯಾವರ್ಗದ ತಿರುಳನ್ನು ಕಂಡುಹಿಡಿದ ಪ್ರಬಂಧದ ಹೆಸರಿನಲ್ಲೇ ‘ಪ್ರಮೇಯ ಸಾಧಿಸುವ ವಿಧಾನಗಳ ಸಂಕೀರ್ಣತೆ’ ಎಂಬ ವಿಷಯವಿದೆ. ಚಿಪ್ ವಿನ್ಯಾಸದಿಂದ ವೇಳಾಪಟ್ಟಿಯವರೆಗೆ ಇವತ್ತು ಬಳಸುವ, ಕೊಟ್ಟ ಕರಾರುಗಳೆಲ್ಲ ಒಟ್ಟಿಗೆ ನಿಲ್ಲಬಲ್ಲವೇ ಎಂದು ಹುಡುಕುವ ಸ್ಯಾಟ್ ಸಾಲ್ವರ್‌ಗಳು ಒಳಗೊಳಗೇ ರೆಸಲ್ಯೂಷನ್ ಸಾಧನೆಗಳನ್ನೇ ಕಟ್ಟುತ್ತವೆ.

ಆದ್ದರಿಂದಲೇ ಅವುಗಳ ಮಿತಿಯೂ ಅದೇ. ಹತ್ತು ಜನ ಹಣ್ಣು ಕುಯ್ಯುವವರಿದ್ದಾರೆ, ಬುಟ್ಟಿ ಒಂಬತ್ತು. ತಲೆಗೊಂದು ಬುಟ್ಟಿ ಸಿಗುವುದಿಲ್ಲ ಎಂದು ಮಗುವೂ ಹೇಳುತ್ತದೆ, ಎಣಿಸಿ ಹೇಳುತ್ತದೆ. ರೆಸಲ್ಯೂಷನ್‌ಗೆ ಎಣಿಸಲು ಬರುವುದಿಲ್ಲ. ‘ಮೊದಲನೆಯವರಿಗೆ ಮೂರನೆಯ ಬುಟ್ಟಿ, ಎರಡನೆಯವರಿಗೆ ಏಳನೆಯದು’ ಎಂದು ಬಿಡಿಬಿಡಿಯಾಗಿ ತಿಕ್ಕುತ್ತಲೇ ಹೋಗಬೇಕು. 1985ರಲ್ಲಿ ಆರ್ಮಿನ್ ಹಾಕನ್ ಸಾಧಿಸಿ ತೋರಿಸಿದರು: ಜನ ಹೆಚ್ಚಾದಂತೆ ಈ ಸಾಮಾನ್ಯ ಸಂಗತಿಯ ರೆಸಲ್ಯೂಷನ್ ಸಾಧನೆ ಘಾತೀಯವಾಗಿ ಉಬ್ಬಲೇಬೇಕು, ಎಷ್ಟೇ ಜಾಣ ಹುಡುಕಾಟ ನಡೆಸಿದರೂ. ಎಣಿಕೆ ಬಲ್ಲ ಬೇರೆ ಸಾಧನಾವ್ಯವಸ್ಥೆಗಳಲ್ಲಿ ಅದೇ ಸಂಗತಿಗೆ ಚಿಕ್ಕ ಸಾಧನೆಗಳಿವೆ. ತಕ್ಕಡಿಯಲ್ಲಿ ಎಣಿಕೆ ನಮಗೆ ದುಬಾರಿ ಯಂತ್ರ ಕೊಟ್ಟಿತ್ತು. ಇಲ್ಲಿ ಎಣಿಕೆ ಬಾರದಿರುವುದೇ ದುಬಾರಿಯಾಯಿತು. ಎಲ್ಲಕ್ಕೂ ಒಗ್ಗುವ ಒಂದೇ ಒಳ್ಳೆಯ ಸಾಧನಾರೀತಿ ಇದೆಯೇ? ಕುಕ್ ಮತ್ತು ರೆಕ್‌ಹೌ 1979ರಲ್ಲಿ ಈ ಪ್ರಶ್ನೆಗೆ ಖಚಿತ ರೂಪ ಕೊಟ್ಟರು. ಇನ್ನೂ ಉತ್ತರ ಸಿಕ್ಕಿಲ್ಲ.

ಮುಗಿಯದೆ ಓಡುತ್ತಲೇ ಇರಬೇಕಾದ ಯಂತ್ರಗಳೂ ಇವೆ: ಸಿಗ್ನಲ್ ವ್ಯವಸ್ಥೆ, ಬ್ಯಾಂಕಿನ ಸರ್ವರ್. ಅವುಗಳ ಬಗ್ಗೆ ವಾದಿಸಲು 1977ರಲ್ಲಿ ಅಮಿರ್ ಪ್ನುಯೆಲಿ ಕಾಲದ ತರ್ಕವನ್ನು ತಂದರು. ಕಾಫಿ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ: ‘ಹೂಮಳೆ ಬಂದಾಗಲೆಲ್ಲ ಅದರ ಹಿಂದೆ ಬ್ಯಾಕಿಂಗ್ ಮಳೆ ಬೀಳಬೇಕು’ ಎಂಬ ವಾಕ್ಯದಲ್ಲಿ ‘ಆಗಲೆಲ್ಲ’, ‘ಹಿಂದೆ’ ಎಂಬ ಎರಡು ಕಾಲಪದಗಳಿವೆ. ಇಂಥ ವಾಕ್ಯವನ್ನು ‘ಬ್ಯಾಕಿಂಗ್ ಬಾಕಿ ಇದೆ’, ‘ಬಾಕಿ ಇಲ್ಲ’ ಎಂಬ ಎರಡು ಸ್ಥಿತಿಗಳ ಪುಟ್ಟ ಯಂತ್ರವಾಗಿ ಬದಲಾಯಿಸಬಹುದು. ತರ್ಕವಾಕ್ಯಗಳಿಗೂ ಸೀಮಿತ ಸ್ಥಿತಿಯ ಯಂತ್ರಗಳಿಗೂ ಇರುವ ಈ ಸಂಬಂಧವನ್ನು 1960ರ ಸುಮಾರಿಗೆ ಬೂಖಿ ಸ್ಥಾಪಿಸಿದ್ದರು. ಅದರ ಮೇಲೆ ಕಟ್ಟಿದ, ಯಂತ್ರದ ಸ್ಥಿತಿಗಳನ್ನೆಲ್ಲ ತಡಕಿ ವಾಕ್ಯ ನಿಲ್ಲುತ್ತದೆಯೇ ಎಂದು ನೋಡುವ ಮಾಡೆಲ್ ಚೆಕಿಂಗ್ ವಿಧಾನ ಬೆಂಗಳೂರಿನ ಚಿಪ್ ವಿನ್ಯಾಸದ ಎಂಜಿನಿಯರುಗಳ ದಿನನಿತ್ಯದ ಕೆಲಸದಲ್ಲಿ ಸೇರಿಹೋಗಿದೆ.

ಬೆಂಗಳೂರಿನ ಮಾತು ಬಂದಿತಲ್ಲ, ನನಗೆ ಬಹಳ ಹಿಡಿಸಿದ ಪ್ರಸಂಗ ಅಲ್ಲಿಯದೇ. ಭಾರತೀಯ ವಿಜ್ಞಾನ ಸಂಸ್ಥೆಯ ಅಪೂರ್ವ ಖರೆ 2017ರ ಡಿಸೆಂಬರಿನಲ್ಲಿ ಗಣಿತಜ್ಞ ಟೆರೆನ್ಸ್ ಟಾವ್ ಅವರ ಮುಂದೆ ಒಂದು ಪ್ರಶ್ನೆ ಇಟ್ಟರು. ನಡಿಗೆಗಳ ಲೆಕ್ಕ ಎಂದು ತಿಳಿಯಿರಿ. ‘ಅ’ ಎಂದರೆ ತೋಟದ ಮೇಲಿನ ದಾರಿ, ‘ಬ’ ಎಂದರೆ ಹಳ್ಳದ ದಾರಿ. ನಡಿಗೆಗಳನ್ನು ಒಂದರ ಮುಂದೊಂದು ಜೋಡಿಸಬಹುದು, ವಾಪಸೂ ಬರಬಹುದು. ಪ್ರತಿ ನಡಿಗೆಗೂ ಒಂದು ‘ಉದ್ದ’ ಕೊಡಬೇಕು, ಎರಡು ಕರಾರಿನ ಮೇಲೆ. ಎರಡು ನಡಿಗೆ ಜೋಡಿಸಿದರೆ ಉದ್ದ ಅವುಗಳ ಮೊತ್ತವನ್ನು ಮೀರಕೂಡದು. ಒಂದೇ ನಡಿಗೆಯನ್ನು ನೂರು ಸಲ ನಡೆದರೆ ಉದ್ದ ಸರಿಯಾಗಿ ನೂರರಷ್ಟಾಗಬೇಕು. ಈಗ ಅ ಹೋಗಿ, ಬ ಹೋಗಿ, ಅ ವಾಪಸ್, ಬ ವಾಪಸ್ ಬನ್ನಿ. ಬಯಲಿನಲ್ಲಾದರೆ ಹೊರಟಲ್ಲಿಗೇ ಬರುತ್ತೀರಿ. ಅ–ಬಗಳ ಕ್ರಮ ಬದಲಾದರೆ ಬೇರೆಲ್ಲೋ ಮುಟ್ಟಿಸುವ ನೆಲದಲ್ಲಿ ಬರುವುದಿಲ್ಲ. ಅಂಥ ನೆಲದಲ್ಲಿ ಈ ಕರಾರುಗಳಿಗೆ ಒಪ್ಪುವ, ಯಾವ ನಿಜವಾದ ನಡಿಗೆಗೂ ಸೊನ್ನೆಯಾಗದ ಉದ್ದ ಸಾಧ್ಯವೇ?

ಅ, ಬ ಎರಡರ ಉದ್ದವೂ 1 ಎನ್ನೋಣ, ವಾಪಸ್ ಬಂದರೂ ಅಷ್ಟೇ. ಅ, ಬ, ಅ ವಾಪಸ್, ಬ ವಾಪಸ್ ಎಂಬ ಆ ಸುತ್ತಿನ ಉದ್ದ 4ನ್ನು ಮೀರದು, ಇದು ಕೂಡಲೇ ಕಾಣುತ್ತದೆ. ಸ್ವಲ್ಪ ಯೋಚಿಸಿದರೆ 2ಕ್ಕೆ ಇಳಿಯುತ್ತದೆ. ‘ಅ ಹೋಗಿ, ಬ ನಡೆದು, ಅ ವಾಪಸ್’ ಎಂಬುದನ್ನು ಸಾವಿರ ಸಲ ಮಾಡಿ. ನಡುವಿನ ವಾಪಸ್ಸುಗಳೆಲ್ಲ ಹೊಡೆದುಹೋಗಿ ಒಂದು ಅ, ಸಾವಿರ ಬ, ಒಂದು ಅ ವಾಪಸ್ ಉಳಿಯುತ್ತದೆ. ಲಾರಿ ಬಾಡಿಗೆಯನ್ನು ಸಾವಿರ ಮೂಟೆಗೆ ಹಂಚಿದ ಹಾಗೆ ಅ ಹೋಗಿ ಬರುವ ಖರ್ಚು ಕರಗುತ್ತದೆ, ಉಳಿಯುವುದು ಬ ಒಂದರ ಉದ್ದವೇ. ಆದ್ದರಿಂದ ಸುತ್ತಿನ ಉದ್ದ 1 ಮತ್ತು 1 ಸೇರಿ 2ರೊಳಗೆ. ಇನ್ನೂ ಇಳಿಸುವುದು ಹೇಗೆ? ಜಗತ್ತಿನ ಹಲವು ಕಡೆಯ ಗಣಿತಜ್ಞರು ಕೂಡಿ ಇಳಿಸುತ್ತಿದ್ದಾಗ, ಅದೇ ಸಂಸ್ಥೆಯ ಸಿದ್ಧಾರ್ಥ ಗಾಡ್ಗೀಳ್ ಕಂಪ್ಯೂಟರನ್ನು ಹೂಡಿ ಆ ಉದ್ದ 1ಕ್ಕಿಂತಲೂ ಕಡಿಮೆ ಎಂದು ತೋರಿಸಿದರು.

ಇಲ್ಲಿ ಗಮನ ಕೊಡಬೇಕಾದ್ದು ಯಂತ್ರ ಏನು ಕೊಟ್ಟಿತು ಎಂಬುದು. ಬರೀ ಒಂದು ಸಂಖ್ಯೆ ಕೊಟ್ಟಿದ್ದರೆ ಯಾರಿಗೂ ಹೆಚ್ಚು ಪ್ರಯೋಜನವಿರುತ್ತಿರಲಿಲ್ಲ. ಆ ಪ್ರೋಗ್ರಾಮು ಲೆಕ್ಕ ಹಾಕುತ್ತಲೇ ತನ್ನ ಪ್ರತಿ ಹೆಜ್ಜೆಗೂ ಕಾರಣ ಬರೆದಿಟ್ಟಿತ್ತು: ಈ ನಡಿಗೆಯ ಉದ್ದ ಇಷ್ಟರೊಳಗೆ, ಯಾಕೆಂದರೆ ಅದು ಆ ಎರಡರ ಜೋಡಣೆ, ಇದು ಇಷ್ಟರೊಳಗೆ, ಯಾಕೆಂದರೆ ಅದರ ಪುನರಾವರ್ತನೆ ಅಷ್ಟು. ನೂರಕ್ಕೂ ಹೆಚ್ಚು ಸಾಲುಗಳ ಸಾಧನೆ, ಮನುಷ್ಯರು ಓದಬಲ್ಲದ್ದು. ಆ ಗಣಿತಜ್ಞರಲ್ಲೊಬ್ಬರಾದ ಪೇಸ್ ನೀಲ್ಸನ್ ಅದನ್ನು ಕೂತು ಓದಿದರು, ಅದರಲ್ಲಿ ಮರುಕಳಿಸುವ ಒಂದು ಕೈಚಳಕ ಗುರುತಿಸಿದರು, ಅದನ್ನು ಸಾಮಾನ್ಯ ಉಪಪ್ರಮೇಯವಾಗಿಸಿದರು. ಕೆಲವೇ ದಿನಗಳಲ್ಲಿ ಆ ಸುತ್ತಿನ ಉದ್ದ ಸೊನ್ನೆಗೇ ಇಳಿಯಿತು, ಅಂದರೆ ಅಂಥ ನೆಲದಲ್ಲಿ ಅಂಥ ಉದ್ದ ಅಸಾಧ್ಯ. ಪ್ರಶ್ನೆ ಮುಗಿಯಿತು. 2018ರಲ್ಲಿ ಪ್ರಬಂಧ ಹೊರಬಂತು. ಯಂತ್ರದ ಓಟವೇ ಸಾಧನೆಯಾಗಿ, ಆ ಸಾಧನೆಯನ್ನು ಮನುಷ್ಯ ಓದಿ ಹೊಸ ಯೋಚನೆ ಮಾಡಿದ ಈ ಪ್ರಸಂಗದಲ್ಲಿ ನಮ್ಮ ರಾಜಧಾನಿಯ ಪಾಲು ದೊಡ್ಡದು ಎಂಬುದು ಕನ್ನಡದಲ್ಲಿ ಇನ್ನಷ್ಟು ಜನಕ್ಕೆ ಗೊತ್ತಿರಬೇಕು.

ಗಾಡ್ಗೀಳರು ಮುಂದೆ ಲೀನ್ ಎಂಬ ಸಾಧನಾ ಸಹಾಯಕದತ್ತ ಹೊರಳಿದರು. ಸಂಸ್ಥೆಯಲ್ಲಿ ‘ಪ್ರೂಫ್ಸ್ ಅಂಡ್ ಪ್ರೋಗ್ರಾಮ್ಸ್’ ಎಂಬ ಹೆಸರಿನ ಕೋರ್ಸನ್ನೂ ಕಲಿಸಿದ್ದಾರೆ. 2021ರಲ್ಲಿ ಜೈಲ್ಸ್ ಗಾರ್ಡಮ್ ಕಪ್ಲಾನ್‌ಸ್ಕಿಯ ಹಳೆಯ ಊಹೆಯೊಂದನ್ನು ಸ್ಯಾಟ್ ಸಾಲ್ವರ್ ನೆರವಿನಿಂದ ಸುಳ್ಳೆಂದು ತೋರಿಸಿದ ಮೇಲೆ, ಆ ಫಲಿತಾಂಶವನ್ನು ಗಾಡ್ಗೀಳರು ಒಬ್ಬ ವಿದ್ಯಾರ್ಥಿಯೊಂದಿಗೆ ಲೀನ್‌ನಲ್ಲಿ ಪೂರ್ತಿ ಬರೆದು ಪರೀಕ್ಷೆಗೆ ಒಡ್ಡಿದರು. ಹುಡುಕಿದ್ದು ಒಂದು ಬಗೆಯ ಯಂತ್ರ, ತಾಳೆ ನೋಡಿದ್ದು ಇನ್ನೊಂದು ಬಗೆಯದು.

‘ತಾಳೆ’ ಎಂಬ ಪದ ಬೇಕೆಂದೇ ಬಳಸಿದ್ದೇನೆ. ಚೆಕ್‌ರೋಲಿನಲ್ಲಿ ಒಬ್ಬೊಬ್ಬರ ವಾರದ ಮೊತ್ತ ಅಡ್ಡಕ್ಕೆ, ದಿನದಿನದ ಮೊತ್ತ ಉದ್ದಕ್ಕೆ. ಕೊನೆಯ ಮೂಲೆಯಲ್ಲಿ ಎರಡೂ ಒಂದೇ ಆಗಬೇಕು. ಲೆಕ್ಕ ಯಾರು ಬರೆದರು, ಎಷ್ಟು ಹೊತ್ತು ತಗೊಂಡರು ಎಂಬುದು ತಾಳೆ ನೋಡುವವರಿಗೆ ಮುಖ್ಯವಲ್ಲ. ಲೀನ್, ರಾಕ್ ಮುಂತಾದ ಸಾಧನಾ ಸಹಾಯಕಗಳ ನಂಬಿಕೆ ನಿಂತಿರುವುದು ಇಂಥ ತಾಳೆಯ ಮೇಲೆ: ಸಾಧನೆ ಎಷ್ಟೇ ದೊಡ್ಡದಿರಲಿ, ಒಳಗಿನ ಪುಟ್ಟ ತಿರುಳು ಪ್ರತಿ ಹೆಜ್ಜೆಯ ಟೈಪ್ ಗುರುತನ್ನು ನೋಡುತ್ತದೆ. 1976ರಲ್ಲಿ ಕಂಪ್ಯೂಟರ್ ನೆರವಿನಿಂದ ಸಾಧಿಸಿದ ನಾಲ್ಕು ಬಣ್ಣಗಳ ಪ್ರಮೇಯದ ಬಗ್ಗೆ ಇದ್ದ ಅನುಮಾನ 2005ರಲ್ಲಿ ಜಾರ್ಜ್ ಗಾಂಟಿಯೆ ಹೀಗೆ ತಾಳೆ ಹಾಕಿದ ಮೇಲೆ ತೀರಿತು. ಆಗ ಕಾಕ್ ಎಂದಿದ್ದ ಸಾಧನವೇ ಈಗಿನ ರಾಕ್. ಈ ಸಾಧನಗಳಲ್ಲಿ ಸಾಧನೆಯಾಗಿ ಒಪ್ಪಿಸುವ ಪ್ರೋಗ್ರಾಮು ಮುಗಿಯಲೇಬೇಕು, ಸುತ್ತುತ್ತಲೇ ಇರುವುದಕ್ಕೆ ಪರವಾನಗಿ ಇಲ್ಲ. 1935ರಲ್ಲಿ ಚರ್ಚ್‌ನ ಕಟ್ಟಡ ಬಿದ್ದ ಪಾಠ ಅದು.

2024ರಲ್ಲಿ ಗೂಗಲ್ ಡೀಪ್‌ಮೈಂಡ್‌ನ ಆಲ್ಫಾಪ್ರೂಫ್ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡಿನ ಕೆಲವು ಲೆಕ್ಕಗಳನ್ನು ಬಿಡಿಸಿದ್ದು ಲೀನ್‌ನಲ್ಲೇ. ಕೃತಕ ಬುದ್ಧಿ ತಪ್ಪು ಹೇಳಬಹುದು, ಧೈರ್ಯವಾಗಿಯೇ ಹೇಳುತ್ತದೆ. ತಾಳೆ ನೋಡುವ ತಿರುಳಿನ ಮುಂದೆ ಆ ಧೈರ್ಯ ನಡೆಯುವುದಿಲ್ಲ. ಮುಂದಿನ ವರ್ಷಗಳಲ್ಲಿ ಯಂತ್ರಗಳು ಬರೆದ ಪ್ರೋಗ್ರಾಮುಗಳೇ ನಮ್ಮ ಬ್ಯಾಂಕು, ಆಸ್ಪತ್ರೆ, ವಿದ್ಯುತ್ ಜಾಲಗಳನ್ನು ನಡೆಸಲಿವೆ. ಬರೆದದ್ದರ ಜೊತೆಗೆ ಸಾಧನೆಯನ್ನೂ ಕೇಳುವ ಅಭ್ಯಾಸ ಸಮಾಜಕ್ಕೆ ಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಮೂಡಿಗೆರೆಯಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿ ವಿಜ್ಞಾನವನ್ನು ಕನ್ನಡದಲ್ಲಿ ಬರೆದರು, ಕನ್ನಡದ ತಂತ್ರಾಂಶಕ್ಕಾಗಿ ದನಿ ಎತ್ತಿದರು. ಈ ವಿಷಯವನ್ನೂ ಕನ್ನಡದಲ್ಲಿ ಹೇಳಬಹುದು, ಪದಗಳಿಗೆ ಕೊರತೆಯಿಲ್ಲ. ದತ್ತ, ಸಾಧನೀಯ, ರಚನೆ, ಸಾಧನೆ ಎಂಬ ನಾಲ್ಕನ್ನು ಶಾಲೆಯೇ ಕೊಟ್ಟಿದೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಲೇಜುಗಳಲ್ಲಿ ಗಣಿತ, ಕಂಪ್ಯೂಟರ್ ಕಲಿಸುವ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಲೀನ್ ಉಚಿತವಾಗಿ ಸಿಗುತ್ತದೆ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಮಕ್ಕಳಿಗೆ ಮೊದಲು ಐದು ಕಲ್ಲುಗಳ ಪ್ರಮೇಯವನ್ನು ಕೊಡಿ, ‘ಇದೆ’ ಎಂದಷ್ಟೇ ಹೇಳದೆ ಕಲ್ಲುಗಳನ್ನೇ ಹೊರಗೆ ಕೊಡುವ ಹಾಗೆ ಅನುಗಮನದಿಂದ ಸಾಧಿಸಲು ಹೇಳಿ. ಮುಗಿದ ಮೇಲೆ ಆ ಸಾಧನೆಗೇ 19 ಎಂದು ಕೊಟ್ಟು ಓಡಿಸಿ. 16, 2, 1 ಎಂದು ಅದು ಉತ್ತರ ಕೊಡುವುದನ್ನು ಅವರೇ ನೋಡಲಿ.